ಬೇಡದ ನಮೂದು

ಚಳ್ಳಕೆರೆಯ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು
ಬೇವಿನ ಮರಕ್ಕೆ ಬೆನ್ನು ಕೊಟ್ಟ ಎಂಟಡಿ ಅಂಗಡಿ ನನ್ನದು.
ಟಿ. ಗಂಗಾಂಬಿಕೆ, ಪತ್ರ ಬರಹಗಾರರು.
ಕ್ರಯ, ದಾನ, ವಿಭಾಗ, ಹಕ್ಕುಬಿಡುಗಡೆ. ಝೆರಾಕ್ಸ್ ಸಹ.
ನಿಜ ಹೇಳಬೇಕೆಂದರೆ ಝೆರಾಕ್ಸೇ ಹೆಚ್ಚು.

ಕಂಪ್ಯೂಟರಿಗೆ ವಯಸ್ಸಾಗಿತ್ತು.
ಬೆಳಿಗ್ಗೆ ಗುಂಡಿ ಒತ್ತಿ, ಕಸ ಹೊಡೆದು, ನೀರು ಚಿಮುಕಿಸಿ,
ಚಹಾ ತರಿಸಿ, ಕುಡಿದು, ಲೋಟ ತೊಳೆದಿಟ್ಟರೂ
ಪರದೆಯ ಮೇಲೆ ಆ ಚುಕ್ಕಿಗಳು ಇನ್ನೂ ಸುತ್ತುತ್ತಲೇ ಇರುತ್ತಿದ್ದವು.
ಒಂದು ಮಧ್ಯಾಹ್ನ ಮೂಲೆಯಿಂದ ತಾನಾಗಿ ಎದ್ದು ಬಂತು
ಪೊರಕೆ ಹಿಡಿದ ಪುಟ್ಟ ಚಿತ್ರ:
ನಿಮ್ಮ ರಿಜಿಸ್ಟ್ರಿಯಲ್ಲಿ ೧೩೧೨ ದೋಷ.

ರಿಜಿಸ್ಟ್ರಿ!
ಇಪ್ಪತ್ತೆರಡು ವರ್ಷ ಆ ಮಾತಿನ ಅನ್ನ ಉಂಡವಳು ನಾನು.
ನನ್ನ ಈ ಡಬ್ಬಿಯೊಳಗೂ ಒಂದು ರಿಜಿಸ್ಟ್ರಿ ಉಂಟೆಂದು
ಯಾರೂ ಹೇಳಿರಲಿಲ್ಲ.
ಅದರಲ್ಲಿ ದೋಷ, ಅದೂ ಕೆಂಪಕ್ಷರದಲ್ಲಿ. ಎದೆ ಧಸಕ್ಕೆಂದಿತು.
ಅನಾಥ ನಮೂದು, ಬಳಕೆಯಿಲ್ಲದ ನಮೂದು, ದಾರಿ ತಪ್ಪಿದ ನಮೂದು,
ಇಷ್ಟು ಅರ್ಥವಾಯಿತು ನನ್ನ ಇಂಗ್ಲಿಷಿಗೆ.
ಏನದು, ಯಾರದು ಎಂದು ಕೇಳಲು ಗುಂಡಿಯಿರಲಿಲ್ಲ.
ಇದ್ದದ್ದು ಒಂದೇ, ಹಸಿರು:
ಎಲ್ಲ ಗುಡಿಸು.

ಗೆದ್ದಲು ತಿಂದ ಹಳೇ ಕೈಬರಹದ ಕಡತದಲ್ಲಿ
ಯಾವ ಸರ್ವೆ ನಂಬರು ಯಾರ ಕೊರಳಿಗೆ ಗಂಟು ಬಿದ್ದಿದೆಯೋ ಎಂದು
ಉಸಿರು ಹಿಡಿದು ಪುಟ ತಿರುವುವವಳು
ಒತ್ತಿಬಿಟ್ಟೆ.

ಮೂರು ನಿಮಿಷ ಪೊರಕೆ ಆಡಿತು. ಅಭಿನಂದನೆ ಹೇಳಿತು.
ಚುಕ್ಕಿಗಳು ಮೊದಲಿನಷ್ಟೇ ಹೊತ್ತು ಸುತ್ತಿದವು,
ಚಹಾದ ಒಂದು ಗುಟುಕಿನಷ್ಟೂ ಬೇಗ ಆಗಲಿಲ್ಲ.

ಮಾರನೆ ದಿನ ಹನ್ನೊಂದಕ್ಕೆ ಬಂದರು ಎಣ್ಣೆ ಮಿಲ್ಲಿನವರು.
ಮೂವರು ಅಣ್ಣಂದಿರು, ನಾಲ್ಕು ಹೆಜ್ಜೆ ಹಿಂದೆ ತಂಗಿ ತಿಪ್ಪೀರಮ್ಮ.
'ಆಕೆಗೆ ಕೊಡೋದೆಲ್ಲ ಕೊಟ್ಟು ಕಳಿಸಿದ್ದೀವಿ.
ಹೆಸರೊಂದು ಸುಮ್ನೆ ಉಳಕೊಂಡೈತೆ, ತೆಗೆದುಬಿಡ್ರಿ.'
ಹಕ್ಕುಬಿಡುಗಡೆ. ಎರಡು ಪುಟದ ಕೆಲಸ.
ನುಡಿ ತೆರೆದೆ. ಅಕ್ಷರವಿಲ್ಲ.
ಚೌಕ, ಚೌಕ, ಪಕ್ಕದಲ್ಲಿ ಮತ್ತೆ ಚೌಕ.
ತಿಪ್ಪೀರಮ್ಮ ಎಂದು ಹೊಡೆದರೆ ಸಾಲಾಗಿ ನಾಲ್ಕು ಖಾಲಿ ಸೈಟು.
ಪ್ರಿಂಟರಿಗೆ ನನ್ನ ಪರಿಚಯವೇ ಮರೆತಿತ್ತು.
ಅಣ್ಣಂದಿರು ಗಡಿಯಾರ ನೋಡಿಕೊಂಡರು, ಬೈಕಿನ ಕೀ ತಿರುಗಿಸಿದರು.
ಆಕೆ ಸ್ಟೂಲು ಎಳೆದುಕೊಂಡು ಕೂತು
ಪರದೆಗೆ ಮುಖ ಹತ್ತಿರ ತಂದು ಕೇಳಿದಳು:
'ಅಕ್ಕಾರೆ, ಇದು ನನ್ನ ಹೆಸರಾ?'

ಸಂಜೆ ಜಬೀವುಲ್ಲಾ ಬಂದು ಡಬ್ಬಿಯ ಪಕ್ಕೆ ಬಿಚ್ಚಿದ.
ಫ್ಯಾನಿನ ಸಂದಿಯಿಂದ ಬೊಗಸೆ ಶೇಂಗಾ ಸಿಪ್ಪೆಯ ಧೂಳು ಸುರಿಯಿತು.
'ನಿಧಾನ ಆಗಿದ್ದು ಇದಕ್ಕೆ, ಮೇಡಮ್.
ಆ ಪೊರಕೆಗೆ ಏನು ಗೊತ್ತು, ಯಾವುದು ಬೇಕು ಯಾವುದು ಬೇಡ?
ಹೆಸರು ಹಿಡಿದು ಒಂದು ಸಲ ಕೂಗುತ್ತೆ,
ಆಗ ಓಗೊಡದೆ ಹೋದೋನು ಸತ್ತ ಅಂತ ಬರಕೊಳ್ಳುತ್ತೆ.
ಗುಡಿಸೋ ಮುಂಚೆ ಒಂದು ನಕಲು ಇಟ್ಟುಕೊಂಡಿದ್ರಾ?'
ಪುಟಕ್ಕೆ ಎರಡು ರೂಪಾಯಿಯಂತೆ
ಊರಿಗೆಲ್ಲ ನಕಲು ಮಾಡಿಕೊಡುವವಳು ತಲೆ ಬಗ್ಗಿಸಿದೆ.
ಪೂರ್ತಿ ಒರೆಸಿ ಹೊಸದಾಗಿ ಹಾಕಿದ. ಎರಡು ದಿನ, ಎಂಟುನೂರು ರೂಪಾಯಿ.

ಎಣ್ಣೆ ಮಿಲ್ಲಿನವರು ಮತ್ತೆ ಬರಲಿಲ್ಲ.
ಎದುರಿನ ಕಾಟಯ್ಯನಲ್ಲಿ ಇನ್ನೂ ಟೈಪ್‌ರೈಟರ್ ಇದೆ,
ಅದಕ್ಕೆ ರಿಜಿಸ್ಟ್ರಿಯಿಲ್ಲ, ದೋಷವಿಲ್ಲ.
ಅಲ್ಲಿ ಬರೆಸಿದರೋ, ಆಕೆ ಹೆಬ್ಬೆಟ್ಟು ಒತ್ತಿದಳೋ,
ಇಲ್ಲ ಆ ಎರಡು ದಿನದಲ್ಲಿ ಏನಾದರೂ ನೆನಪಾಯಿತೋ.
ರಸ್ತೆ ದಾಟಿ ಒಂದು ಅರ್ಜಿ ಹಾಕಿದರೆ
ಋಣಭಾರ ಪತ್ರದಲ್ಲಿ ಗೊತ್ತಾಗುತ್ತದೆ.
ಹಾಕಿಲ್ಲ.

ಮೊನ್ನೆ ಅದೇ ಪೊರಕೆ ಮೂಲೆಯಿಂದ ತಲೆ ಎತ್ತಿತು:
ಎಂಟು ದಿನದ ಕೂಸಿಗೆ ೬೪೦ ದೋಷ.
ಇರಲಿ ಇರು, ಯಾರ್ಯಾರದೋ ಏನೋ, ಎಂದೆ.
ಜಬೀವುಲ್ಲಾ ಬಿಟ್ಟುಹೋದ ಬಣ್ಣದ ಬ್ರಶ್ಶು ತಗೊಂಡು
ಫ್ಯಾನಿನ ಜಾಲರಿಯ ಸಿಪ್ಪೆ ಕೆರೆಯತೊಡಗಿದೆ.